ಗುರುವಾರ ಮರೆತುಹೋಗುತ್ತಿದ್ದ ದಾರಿಗಳು

ಆ ಮಳೆಗಾಲವಿಡೀ ನನ್ನ ಚೀಲದಲ್ಲಿ ಊಟದ ಡಬ್ಬಿಯ ಮೇಲೆ ಒಂದು ತಿಳಿನೀಲಿ ಕೇಬಲ್ಲಿನ ಸುರುಳಿ ಇರುತ್ತಿತ್ತು. ಅದನ್ನು ತೆಗೆಯದೆ ಡಬ್ಬಿ ಹೊರಗೆ ಬರುತ್ತಿರಲಿಲ್ಲ. ಒಂದು ತುದಿ ನನ್ನ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ನೆಟ್‌ವರ್ಕ್ ಸ್ವಿಚ್ಚಿನ ಬೆನ್ನಿಗೆ. ಯಾವ ಡಿಪೋದಿಂದ ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ. ಬಂದರೆ ಡಬ್ಬಿ ಬಿಟ್ಟರೂ ಕೇಬಲ್ ಬಿಡುವಂತಿಲ್ಲ.

ನಾನಾಗ ಪುಣೆಯ ಒಂದು ಖಾಸಗಿ ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿದ್ದೆ. ತರಕಾರಿ, ಹಣ್ಣು ಇಡುವ ಶೀತಗೃಹಗಳು, ಅವನ್ನು ಸಾಗಿಸುವ ಟ್ರಕ್ಕುಗಳು, ಇದು ಕಂಪನಿಯ ಕಸುಬು. ಮುಖ್ಯ ಕಚೇರಿ ಮಾರ್ಕೆಟ್ ಯಾರ್ಡಿನ ಮಗ್ಗುಲಲ್ಲಿ. ಡಿಪೋಗಳು ದೇಹೂ ರೋಡ್, ಲೋಣಾವಳಾ, ಇನ್ನೂ ಕೆಲವು ಕಡೆ. ಡಿಪೋದಿಂದ ಟ್ರಕ್ ಹೊರಡಬೇಕಾದರೆ ಗೇಟ್ ಪಾಸ್ ಬೇಕು. ಗೇಟ್ ಪಾಸು ಡಿಪೋದ ಪ್ರಿಂಟರಿನಲ್ಲೇ ಬರುತ್ತಿತ್ತಾದರೂ ಅದನ್ನು ಕಳುಹಿಸುವ ದೊಡ್ಡ ಕಂಪ್ಯೂಟರ್ ಇದ್ದದ್ದು ಮಾರ್ಕೆಟ್ ಯಾರ್ಡಿನಲ್ಲಿ. ನಡುವೆ ಬಾಡಿಗೆಯ ಟೆಲಿಫೋನ್ ಲೈನು, ಲೈನಿನ ತುದಿಗೆ ಸ್ವಿಚ್ಚು, ಸ್ವಿಚ್ಚಿನೊಳಗೆ ದಾರಿಗಳ ಪಟ್ಟಿ. ಇಂಥ ವಿಳಾಸಕ್ಕೆ ಹೋಗುವ ಮಾಹಿತಿ ಇಂಥ ಕಡೆಗೆ ತಿರುಗಲಿ ಎಂದು ಮನುಷ್ಯರು ಕೈಯಾರೆ ಕೂರಿಸಿದ ಸಾಲುಗಳು. ಸ್ಟ್ಯಾಟಿಕ್ ರೂಟ್ ಎನ್ನುತ್ತಾರೆ. ಅವು ತಾವಾಗಿ ಏನನ್ನೂ ಕಲಿಯುವುದಿಲ್ಲ. ಒಂದು ಅಂಕಿ ತಪ್ಪಿದರೆ ಗೇಟ್ ಪಾಸ್ ಇಲ್ಲ, ಟ್ರಕ್ ಕದಲುವುದಿಲ್ಲ, ಟೊಮೆಟೊ ಮೆತ್ತಗಾಗುತ್ತದೆ.

ಗಣಪತಿ ಹಬ್ಬಕ್ಕೆ ಮೊದಲು ಹಳೆಯ ಲೈನುಗಳನ್ನೆಲ್ಲ ಬಿಟ್ಟು ಬೇರೆ ಕಂಪನಿಯ ಹೊಸ ಲೈನಿಗೆ ಹೋಗಬೇಕೆಂದು ನಿರ್ಧಾರವಾಯಿತು. ಅಂದರೆ ಎಲ್ಲ ಡಿಪೋಗಳ ಎಲ್ಲ ದಾರಿಗಳೂ ಒಂದೇ ದಿನ ತಿರುಗಬೇಕು. ವಿಭಾಗದ ಸಾಹೇಬರು ನನ್ನನ್ನು ಕರೆದರು. ಮರಾಠಿ ಮನುಷ್ಯ, ಮಾತು ಕಡಿಮೆ, ಚಹಾ ಜಾಸ್ತಿ. (ಅವರ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.)

"ಹೊರಗಿನ ಕಂಪನಿಯವರು ಈ ಕೆಲಸ ಕೇಳ್ತಾ ಇದ್ದಾರೆ. ಕೊಟ್ಟುಬಿಟ್ಟರೆ ಮುಂದೆ ನೆಟ್‌ವರ್ಕ್ ಪೂರ್ತಿ ಅವರದೇ. ಆಗ ನೀನು ಇಲ್ಲಿ ಕೂತು ಏನು ಮಾಡ್ತೀಯಾ?"

"ನಾನೇ ಮಾಡ್ತೀನಿ, ಸಾಹೇಬ್."

"ನಿನ್ನನ್ನು ಕಾಯಂ ಮಾಡೋ ಫೈಲು ನನ್ನ ಮೇಜಿನ ಮೇಲೇ ಇದೆ. ಇದು ಮುಗೀಲಿ, ನೋಡೋಣ."

ಕಾಯಂ ಎಂಬ ಶಬ್ದ ನಮ್ಮ ಮನೆಯಲ್ಲಿ ದೇವರ ಹೆಸರಿನ ಹಾಗೆ. ಗುಲ್ಬರ್ಗಾ ಸೀಮೆಯಿಂದ ಬಂದ ನನ್ನ ಅಪ್ಪ ಪುಣೆಯಲ್ಲಿ ಗೌಂಡಿ, ಅವ್ವ ಸಿಮೆಂಟಿನ ಬುಟ್ಟಿ ಹೊರುವವಳು. ಅವರು ಕಟ್ಟಿದ ಯಾವ ಮನೆಯಲ್ಲೂ ಅವರು ಕಾಯಂ ಇರಲಿಲ್ಲ, ಯಾವ ಕೆಲಸವೂ ಸ್ಲ್ಯಾಬು ಹಾಕುವ ತನಕ ಮಾತ್ರ. ನಾನು ಆ ವಂಶದ ಮೊದಲ ಪದವೀಧರೆ. ಹೆಮ್ಮೆಯಿಂದಲೇ ಹೇಳುತ್ತೇನೆ, ನಾಚಿಕೆಪಟ್ಟು ಹೇಳುವಂಥದ್ದು ಅದರಲ್ಲಿ ಏನೂ ಇಲ್ಲ. ನಾನು ಕಾಯಂ ಆದ ದಿನ ಬುಟ್ಟಿ ಇಳಿಸುತ್ತೇನೆಂದು ಅವ್ವ ಹೇಳಿದ್ದಳು. ಅದಕ್ಕೇ ಸಾಹೇಬರ ಮುಂದೆ ನಾನೇ ಮಾಡುತ್ತೇನೆಂದು ಅಷ್ಟು ಬೇಗ ಬಾಯಿಬಿಟ್ಟೆ. ಹೊರಗೆ ಬಂದ ಮೇಲೆ ಕಾಲು ಒಂದು ಕಡೆ ನಿಲ್ಲಲಿಲ್ಲ. ಮೆಟ್ಟಿಲು ಇಳಿದೆ, ಮತ್ತೆ ಹತ್ತಿದೆ, ಕ್ಯಾಂಟೀನಿಗೆ ಹೋಗಿ ಚಹಾ ಹೇಳಿ ಕುಡಿಯದೆ ಬಂದೆ.

ತೊಡಕು ಇಷ್ಟು. ನಮ್ಮಲ್ಲಿ ಮೂರು ತಯಾರಕರ ಸ್ವಿಚ್ಚುಗಳಿದ್ದವು. ಒಂದೊಂದಕ್ಕೂ ಅದರದೇ ಆಜ್ಞೆಗಳು. ಎರಡಕ್ಕೆ ದೂರದಿಂದಲೇ ಟೈಪ್ ಮಾಡಿ ಹೇಳಬಹುದಿತ್ತು. ದೇಹೂ ರೋಡಿನಂಥ ಕೆಲವು ಡಿಪೋಗಳಲ್ಲಿದ್ದ ಅಗ್ಗದ ಮೂರನೆಯ ಜಾತಿಗೆ ಆ ಸೌಕರ್ಯವೂ ಇಲ್ಲ. ಕೇಬಲ್ ಹಚ್ಚಿಯೇ ಮಾತಾಡಿಸಬೇಕು. ಒಬ್ಬಳೇ ಒಂದೇ ದಿನದಲ್ಲಿ ಅಷ್ಟೂ ಕಡೆ ಲೋಕಲ್ ರೈಲು ಹತ್ತಿ ಇಳಿದು ಟೈಪ್ ಮಾಡುವುದು ಆಗದ ಮಾತು.

ಆದರೆ ಮೂರಕ್ಕೂ ಗೊತ್ತಿದ್ದ ಒಂದು ಸಾಮಾನ್ಯ ಭಾಷೆ ಇತ್ತು, ಎಸ್‌ಎನ್‌ಎಂಪಿ. ನೆಟ್‌ವರ್ಕಿನ ಸಾಮಾನುಗಳನ್ನು ದೂರದಿಂದ ವಿಚಾರಿಸುವ, ತಿದ್ದುವ, ಎಲ್ಲ ತಯಾರಕರೂ ಒಪ್ಪಿದ ಶಿಷ್ಟ ವ್ಯವಸ್ಥೆ. ನಮ್ಮಲ್ಲಿ ಅದನ್ನು ವಿಚಾರಿಸುವುದಕ್ಕಷ್ಟೇ ಬಳಸುತ್ತಿದ್ದರು: ಲೈನ್ ಇದೆಯೇ, ಎಷ್ಟು ಮಾಹಿತಿ ಹರಿಯಿತು, ಹೀಗೆ. ಆ ಭಾಷೆಯ ಶಿಷ್ಟ ಪಟ್ಟಿಯನ್ನು ತೆರೆದು ಓದಿದರೆ ಅದರಲ್ಲಿ ದಾರಿಗಳ ಕೋಷ್ಟಕವೂ ಇತ್ತು. ಎಲ್ಲಿಗೆ, ಎಷ್ಟು ಅಗಲದ ವಿಳಾಸ, ಮುಂದಿನ ನಿಲ್ದಾಣ ಯಾವುದು, ಎಂಥ ದಾರಿ, ಪ್ರತಿಯೊಂದಕ್ಕೂ ಒಂದು ಕಾಲಂ. ಬರೆಯಬಹುದು ಎಂದೂ ಹೇಳಿತ್ತು. ದಾರಿ ಅಳಿಸಬೇಕಾದರೆ ‘ಎಂಥ ದಾರಿ’ ಎಂಬ ಕಾಲಮ್ಮಿನಲ್ಲಿ ‘ಅಮಾನ್ಯ’ ಎಂಬುದರ ಅಂಕಿ ಇಟ್ಟರೆ ಸಾಕು.

ಮೇಜಿನ ಮೇಲೆ ಒಂದು ಬಿಡಿ ಸ್ವಿಚ್ ಇಟ್ಟುಕೊಂಡು ಪ್ರೋಗ್ರಾಂ ಬರೆಯತೊಡಗಿದೆ. ಬರೆಯುವ ಅಧಿಕಾರದ ಗುಪ್ತಪದವನ್ನು ಬೇರೆ ಇಟ್ಟು, ನನ್ನ ಮೇಜಿನ ಕಂಪ್ಯೂಟರಿನಿಂದ ಬಂದರೆ ಮಾತ್ರ ಒಪ್ಪು ಎಂದು ಸ್ವಿಚ್ಚಿಗೆ ಹೇಳಿದೆ. ಮೊದಲ ದಾರಿ ನಾನು ಕಳಿಸಿದಂತೆಯೇ ಹೋಗಿ ಕೂತಾಗ, ಅದು ಎಲ್ಲಿಂದ ಬಂತು ಎಂಬ ಕಾಲಮ್ಮಿನಲ್ಲಿ ‘ನಿರ್ವಹಣೆಯಿಂದ’ ಎಂದು ಕಾಣಿಸಿತು. ನನ್ನ ಸಹಿ ನೋಡಿದಷ್ಟು ಖುಷಿಯಾಯಿತು.

ಎರಡನೆಯ ದಿನಕ್ಕೇ ಖುಷಿ ಇಳಿಯಿತು. ದೊಡ್ಡ ವಿಳಾಸವಲಯಕ್ಕೊಂದು ದಾರಿ, ಅದರೊಳಗಿನ ಸಣ್ಣ ವಲಯಕ್ಕೆ ಇನ್ನೊಂದು ದಾರಿ ಕಳಿಸಿದೆ. ಎರಡೂ ಒಂದೇ ವಿಳಾಸದಿಂದ ಶುರುವಾಗುತ್ತಿದ್ದವು. ಪಟ್ಟಿ ತೆರೆದು ನೋಡಿದರೆ ಮೊದಲನೆಯದು ಇಲ್ಲ, ಎರಡನೆಯದು ಅದರ ಮೇಲೇ ಕೂತಿತ್ತು. ಹಳೆಯ ಕೋಷ್ಟಕ ದಾರಿಯನ್ನು ಗುರುತಿಸುತ್ತಿದ್ದದ್ದು ಅದರ ಮೊದಲ ವಿಳಾಸದಿಂದ ಮಾತ್ರ. ಎಷ್ಟು ಅಗಲ ಎಂಬುದು ಅದಕ್ಕೆ ಗುರುತಲ್ಲ. ನಾವಿದ್ದ ಬಾಡಿಗೆ ಕೋಣೆಗಳ ಚಾಳಿನಲ್ಲಿ ಒಂದೇ ಹೆಸರಿನ ಇಬ್ಬರು ಹೆಂಗಸರ ಪತ್ರವನ್ನು ಟಪಾಲಿನವನು ಒಬ್ಬಳಿಗೇ ಕೊಟ್ಟು ಹೋಗುತ್ತಿದ್ದನಲ್ಲ, ಹಾಗೆ. ಈ ದೋಷ ತಿದ್ದಿದ ಹೊಸ ಕೋಷ್ಟಕವೂ ಬಂದಿತ್ತು. ಅಗ್ಗದ ಜಾತಿಗೆ ಅದು ಗೊತ್ತಿರಲಿಲ್ಲ. ಕೊನೆಗೆ ವಿಳಾಸಗಳನ್ನೇ ಮತ್ತೆ ಹಂಚಿದೆ, ಯಾವ ಎರಡು ದಾರಿಯೂ ಒಂದೇ ವಿಳಾಸದಿಂದ ಶುರುವಾಗದಂತೆ. ಆ ಹಂಚಿಕೆಗೆ ಒಂದು ವಾರ ಹಿಡಿಯಿತು, ಹಬ್ಬ ಅಷ್ಟು ಹತ್ತಿರ ಬಂತು.

ಪರೀಕ್ಷೆಗೆ ದೇಹೂ ರೋಡನ್ನು ಆರಿಸಿದೆ. ಲೋಣಾವಳಾಕ್ಕೆ ಹೋಗುವ ಮಾಹಿತಿಯೂ ಅದೇ ಸ್ವಿಚ್ಚಿನಿಂದ ಹಾದುಹೋಗುತ್ತಿತ್ತು. ಅಲ್ಲಿ ಗೆದ್ದರೆ ಉಳಿದದ್ದು ಸುಲಭ. ಡಿಪೋದ ಉಸ್ತುವಾರಿ ವಿಜಾಪುರದ ಕಡೆಯವರು, ಅಪ್ಪನ ವಯಸ್ಸು. ಎಲ್ಲರ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ನಾನು ಕಾಕಾ ಎನ್ನುತ್ತಿದ್ದೆ.

"ಬರ್ರಿ ಎಂಜಿನಿಯರ್ ಬಾಯಾರ, ಮತ್ತ ನೀಲಿ ಹಾವ ತಂದೀರೇನು?"

"ಇದ ಕಡೀ ಸಲ ರೀ ಕಾಕಾ. ಇನ್ನ ಮ್ಯಾಲೆ ಅಲ್ಲಿ ಕುಂತs ಮಾಡತೀನಿ. ಇಲ್ಲಿ ಕೈಲೆ ಒಂದು ಸಾಲೂ ಬರಿಯೂದಿಲ್ಲ."

"ಅಂದ್ರ ಇನ್ನ ನೀ ಬರೂದಿಲ್ಲ. ಚಹಾಕ್ಕ ಕನ್ನಡ ಮಾತಾಡವ್ರು ಯಾರು ಸಿಗತಾರವಾ ನನಗ?"

ಹೊಸ ಹಂಚಿಕೆಗೆ ಜಾಗ ಮಾಡಲು ಹಳೆಯ ಸಾಲುಗಳನ್ನೆಲ್ಲ ಕೇಬಲ್ ಹಚ್ಚಿ ಅಳಿಸಿದೆ. ಅಳಿಸಿದ್ದನ್ನು ಉಳಿಸು ಎಂದು ಸ್ವಿಚ್ಚಿಗೆ ಹೇಳಿದೆ. ಆಮೇಲೆ ಲ್ಯಾಪ್‌ಟಾಪನ್ನು ಅದೇ ಸ್ವಿಚ್ಚಿನ ಒಂದು ಕಿಂಡಿಗೆ ಸೇರಿಸಿ, ಅದರ ವಿಳಾಸಕ್ಕೂ ಅಧಿಕಾರ ಕೊಟ್ಟು, ನನ್ನ ಪ್ರೋಗ್ರಾಮಿನಿಂದ ಹೊಸ ದಾರಿಗಳನ್ನೆಲ್ಲ ಬರೆಸಿದೆ. ಗೇಟ್ ಪಾಸ್ ಪ್ರಿಂಟರ್ ಕಿರ್ರೆಂದಿತು. ಮರುದಿನ ಮಾರ್ಕೆಟ್ ಯಾರ್ಡಿನಿಂದ ಓದಿದೆ, ಎಲ್ಲವೂ ಇದ್ದವು. ಬುಧವಾರ ಒಂದು ದಾರಿಯನ್ನು ಬದಲಿಸಿದೆ, ಬದಲಾಯಿತು. ಸಾಹೇಬರಿಗೆ ತೋರಿಸಿದೆ. ಅವರು ಇನ್ನೊಂದು ಚಹಾ ತರಿಸಿದರು.

ಶುಕ್ರವಾರ ಬೆಳಿಗ್ಗೆ ಕಚೇರಿಗೆ ಕಾಲಿಡುವಾಗಲೇ ಫೋನ್ ಬಡಿದುಕೊಳ್ಳುತ್ತಿತ್ತು. ದೇಹೂ ರೋಡಿನ ಕಾಕಾ.

"ತಂಗಿ, ಗೇಟ್ ಪಾಸ್ ಬರವಲ್ದು. ಟ್ರಕ್ ಸಾಲಾಗಿ ನಿಂತಾವ. ಡ್ರೈವರುಗಳು ನನ್ನ ಮನಿಮಂದೀನೆಲ್ಲ ನೆನಸಾಕತ್ತಾರ."

ನನ್ನ ಮೇಜಿನಿಂದ ಆ ಸ್ವಿಚ್ಚು ಉತ್ತರಿಸಲಿಲ್ಲ. ಕೇಬಲ್ ಹಿಡಿದು ಓಡಿದೆ. ಲೋಕಲ್ಲಿನಲ್ಲಿ ಕೂರಲು ಜಾಗವಿದ್ದರೂ ಕೂರಲಿಲ್ಲ. ಪಿಂಪ್ರಿ, ಚಿಂಚವಡ, ಆಕುರ್ಡಿ, ಪ್ರತಿ ನಿಲ್ದಾಣದಲ್ಲೂ ಬಾಗಿಲಿಗೆ ಬಂದು ಇಣುಕಿದೆ, ಹಾಗೆ ಮಾಡಿದರೆ ಗಾಡಿ ಬೇಗ ಹೊರಡುತ್ತದೇನೋ ಎಂಬಂತೆ. ಡಿಪೋದ ಅಂಗಳದಲ್ಲಿ ಟ್ರಕ್ಕುಗಳು ಒಂದರ ಬಾಲಕ್ಕೆ ಒಂದು ನಿಂತಿದ್ದವು. ಕೇಬಲ್ ಹಚ್ಚಿ ನೋಡಿದರೆ ದಾರಿಗಳ ಪಟ್ಟಿ ಖಾಲಿ. ಒಂದೇ ಒಂದು ಸಾಲೂ ಇಲ್ಲ.

"ಕಾಕಾ, ನಿನ್ನೆ ಇಲ್ಲಿ ಯಾರರೆ ಏನರೆ ಮುಟ್ಟಿದ್ರೇನ್ರಿ?"

"ನಿನ್ನೆ ಗುರುವಾರ ಅಲ್ಲೇನವಾ? ಸೂಟಿ. ಯಾರೂ ಬಂದೇ ಇಲ್ಲ."

"ಯುಪಿಎಸ್?"

"ಅದನ್ನ ಬುಧವಾರ ಸಂಜೀಕೇ ಬಂದ್ ಮಾಡತೇವಿ. ಗುರುವಾರ ಹೆಂಗೂ ದಿನಾ ಪೂರ್ತಿ ಲೈಟ್ ಇರೂದಿಲ್ಲ, ಜನರೇಟರ್ ಥಂಡಿ ಖೋಲಿಗಷ್ಟs, ಸುಮ್ಮ ಯಾಕ ಬ್ಯಾಟರಿ ಸಾಯಬೇಕು? ಮೊದಲಿಂದ್ಲೂ ಹಂಗs ಅದ."

ನಾನು ಅಲ್ಲೇ ಆಲೂಗಡ್ಡೆ ಚೀಲದ ಮೇಲೆ ಕೂತೆ. ಪುಣೆಯಲ್ಲಿ ಬೆಳೆದವರಿಗೆ ಗುರುವಾರ ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾರ್ಖಾನೆಗಳಿಗೆ ರಜೆ, ವಿದ್ಯುತ್ ಇಲಾಖೆಗೆ ದುರಸ್ತಿಯ ದಿನ. ಬುಧವಾರ ಸಂಜೆ ನೀರು ತುಂಬಿಡುವ ಕೆಲಸ ಮನೆಯಲ್ಲಿ ಚಿಕ್ಕಂದಿನಿಂದ ನನ್ನದೇ ಆಗಿತ್ತು. ಆದರೆ ಮುಖ್ಯ ಕಚೇರಿಯಲ್ಲಿ ಜನರೇಟರ್ ಇತ್ತು, ನನ್ನ ಮೇಜಿನ ಸ್ವಿಚ್ಚಿಗೆ ಗುರುವಾರ ಎಂಬುದೇ ಇರಲಿಲ್ಲ. ಶಿಷ್ಟ ಭಾಷೆಯಿಂದ ಬರೆದ ದಾರಿ ಸ್ವಿಚ್ಚಿನ ಓಡುವ ನೆನಪಿನಲ್ಲಿ ಮಾತ್ರ ಇರುತ್ತದೆ, ಕರೆಂಟು ಹೋದರೆ ಅದೂ ಹೋಗುತ್ತದೆ. ಕೇಬಲ್ಲಿನಿಂದ ನಾನು ಅಳಿಸಿದ್ದು ಮಾತ್ರ ಕಾಯಂ ನೆನಪಿಗೆ ಹೋಗಿತ್ತು. ಅಳಿಸಿದ್ದು ಉಳಿದಿತ್ತು, ಬರೆದದ್ದು ಅಳಿದಿತ್ತು.

ಕೈಯಿಂದ ದಾರಿಗಳನ್ನು ಕೂರಿಸಿ, ಉಳಿಸಿ, ಟ್ರಕ್ಕುಗಳು ಕದಲುವವರೆಗೆ ಅಂಗಳದಲ್ಲಿ ನಿಂತಿದ್ದೆ. ಒಬ್ಬ ಡ್ರೈವರ್ ಗೇಟ್ ದಾಟುವಾಗ ಹಿಂದಿಯಲ್ಲಿ ಕೂಗಿದ: "ಮ್ಯಾಡಮ್, ನಿಮ್ಮ ಕಂಪ್ಯೂಟರಿಗಿಂತ ನನ್ನ ಕ್ಲೀನರ್ ವಾಸಿ, ಒಂದು ಸಲ ದಾರಿ ಹೇಳಿದರೆ ಮರೆಯೋದಿಲ್ಲ!" ಅಂಗಳವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ.

ಸಾಹೇಬರು ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಸೋಮವಾರ ಹೊರಗಿನವರನ್ನು ಕರೀತೀನಿ" ಎಂದಷ್ಟೇ ಅಂದರು.

ಶನಿವಾರವಿಡೀ ಕೈಪಿಡಿಗಳನ್ನು ತಿರುವಿದೆ. ‘ಉಳಿಸು’ ಎಂಬುದಕ್ಕೆ ಶಿಷ್ಟ ಭಾಷೆಯಲ್ಲಿ ಶಬ್ದವೇ ಇರಲಿಲ್ಲ. ಎರಡು ತಯಾರಕರು ತಮ್ಮ ಖಾಸಗಿ ಪಟ್ಟಿಯಲ್ಲಿ ಒಂದೊಂದು ಶಬ್ದ ಇಟ್ಟುಕೊಂಡಿದ್ದರು. ಅಗ್ಗದ ಜಾತಿಯವರು ಅದನ್ನೂ ಇಟ್ಟಿರಲಿಲ್ಲ. ಎದ್ದು ಓಡಾಡಿದೆ, ಕೂತೆ, ಮತ್ತೆ ಎದ್ದೆ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತ ನೋಡುತ್ತಿದ್ದಳು.

"ಯವ್ವಾ, ಒಂದ ಕಡೆ ಕುಂಡ್ರು. ನೆಲ ಸವೀತದ."

"ಮನಿ ಮಾಲಕ ಹೊಸಾದು ಹಾಕಸ್ತಾನ ಬಿಡು."

"ಅವ ಹಾಕಸಾಂವಲ್ಲ. ನಿಮ್ಮಪ್ಪಗs ಆ ಕೆಲಸಕ್ಕ ಹಚ್ಚತಾನ, ಪುಕಟ."

ಮರೆಯದಂತೆ ಮಾಡಲು ಆಗದು ಎಂಬುದನ್ನು ಒಪ್ಪಿಕೊಂಡ ಮೇಲೆಯೇ ತಲೆ ಬೇರೆ ಕಡೆ ತಿರುಗಿತು. ಮರೆಯಲಿ. ಮರೆತಿದೆ ಎಂದು ನನಗೆ ಗೊತ್ತಾದರೆ ಸಾಕು, ಮತ್ತೆ ಬರೆಯುತ್ತೇನೆ. ಸ್ವಿಚ್ಚು ಕರೆಂಟು ಬಂದು ಎದ್ದಾಗ ‘ಎದ್ದೆ’ ಎಂದು ತಾನಾಗಿ ಒಂದು ಸಂದೇಶ ಕಳಿಸುತ್ತದೆ, ಅದು ಶಿಷ್ಟ ಭಾಷೆಯಲ್ಲೇ ಇದೆ. ಅದು ಬಂದ ಕೂಡಲೇ ನನ್ನ ಪ್ರೋಗ್ರಾಂ ಎಲ್ಲ ದಾರಿಗಳನ್ನೂ ಕಳಿಸಬೇಕು. ಆದರೆ ಖಾಲಿ ಪಟ್ಟಿಯ ಸ್ವಿಚ್ಚಿಗೆ ನನ್ನ ಮೇಜಿಗೆ ಮರಳಿ ಬರುವ ದಾರಿಯಾದರೂ ಗೊತ್ತಿರಬೇಕಲ್ಲ? ಆ ಒಂದು ದಾರಿಯನ್ನು ಪ್ರತಿ ಡಿಪೋದಲ್ಲೂ ಕೇಬಲ್ ಹಚ್ಚಿ, ಕೈಯಿಂದ ಬರೆದು, ಉಳಿಸಿ ಬರಬೇಕು. ಕೈಯಿಂದ ಒಂದು ಸಾಲೂ ಬರೆಯುವುದಿಲ್ಲ ಎಂದು ಎಲ್ಲರ ಮುಂದೆ ಜಂಬ ಕೊಚ್ಚಿದ್ದೆ. ಆ ಜಂಬವನ್ನು ಬಿಡಬೇಕಿತ್ತು. ಬಿಟ್ಟೆ.

ಸೋಮವಾರ ಹೊರಗಿನವರು ಬರುವ ಮೊದಲೇ ಸಾಹೇಬರ ಕೋಣೆಗೆ ಹೋದೆ.

"ಪ್ರತಿ ಸ್ವಿಚ್ಚಿಗೂ ಒಂದು ಸಾಲು ಕೈಯಿಂದಲೇ ಬರೀಬೇಕು, ಸಾಹೇಬ್. ಉಳಿದದ್ದು ಪ್ರೋಗ್ರಾಂ. ದೇಹೂ ರೋಡಿನಲ್ಲಿ ಕೆಲಸದ ಹೊತ್ತಿನಲ್ಲೇ ಕರೆಂಟು ತೆಗೆಸಿ ತೋರಿಸ್ತೀನಿ."

"ಟ್ರಕ್ ನಿಂತರೆ?"

"ನಿಂತರೆ ಕೇಬಲ್ಲನ್ನು ನಾನೇ ಅವರ ಕೈಗೆ ಕೊಡ್ತೀನಿ."

ಅವರು ಚಹಾ ಮುಗಿಸಿ ಫೋನ್ ಎತ್ತಿಕೊಂಡರು. ಹೊರಗಿನವರ ಭೇಟಿ ಮುಂದಿನ ವಾರಕ್ಕೆ ಹೋಯಿತು.

ಆಮೇಲಿನ ದಿನಗಳು ಲೋಕಲ್ಲಿನಲ್ಲೇ ಕಳೆದವು. ಹೊಸ ಲೈನುಗಳು ಹಳೆಯವುಗಳ ಪಕ್ಕದಲ್ಲಿ ಆಗಲೇ ಬಂದಿದ್ದವು. ನನ್ನ ಮೇಜಿಗೆ ಮರಳುವ ಆ ಒಂದು ದಾರಿಯನ್ನು ಹೊಸ ಲೈನಿನ ಮೇಲೇ ಕೂರಿಸಿದೆ, ಬದಲಾವಣೆಯ ದಿನ ಅದನ್ನು ಮುಟ್ಟುವ ಪ್ರಸಂಗ ಬಾರದಿರಲೆಂದು. ಲೋಣಾವಳಾದಲ್ಲಿ ಮಳೆ ಎಷ್ಟು ಹೊಡೆಯಿತೆಂದರೆ ಲ್ಯಾಪ್‌ಟಾಪನ್ನು ಚಿಕ್ಕಿ ಅಂಗಡಿಯವನು ಕೊಟ್ಟ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಯ್ದೆ.

ದೇಹೂ ರೋಡಿನ ಪರೀಕ್ಷೆಯ ದಿನ, ಮೊದಲ ಸಲ ಮಾಡಿದಂತೆಯೇ, ಕೈಯಿಂದ ಬರೆದ ಒಂದು ದಾರಿ ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿ, ಹಾಗೆಯೇ ಉಳಿಸು ಎಂದು ಸ್ವಿಚ್ಚಿಗೆ ಹೇಳಿದ್ದೆ. ಪ್ರೋಗ್ರಾಂ ಮಾರ್ಕೆಟ್ ಯಾರ್ಡಿನ ನನ್ನ ಮೇಜಿನಿಂದ ಉಳಿದ ದಾರಿಗಳನ್ನು ಬರೆದಿತ್ತು. ನಾನು ಡಿಪೋದಲ್ಲಿ, ಸಾಹೇಬರು ನನ್ನ ಮೇಜಿನ ಮುಂದೆ, ನಡುವೆ ಫೋನು.

"ಕಾಕಾ, ಬಂದ್ ಮಾಡ್ರಿ."

"ಖರೇನs ಮಾಡ್ಲೇನು? ಹೊರಗ ಬದನೀಕಾಯಿ ಗಾಡಿ ನಿಂತದ. ಆ ಡ್ರೈವರ್ ಬಾಯಿ ಭಾಳ ಹೊಲಸ ಅದ."

"ಮಾಡ್ರಿ."

ಯುಪಿಎಸ್ ಆರಿತು, ಪ್ರಿಂಟರ್ ಆರಿತು, ಸ್ವಿಚ್ಚಿನ ದೀಪಗಳೆಲ್ಲ ಆರಿದವು. ಮತ್ತೆ ಹಾಕಿಸಿದೆ. ದೀಪ ಬಂತು, ಸ್ವಿಚ್ಚು ಎದ್ದಿತು. ಕಾದೆವು. ಫೋನಿನಲ್ಲಿ ಸಾಹೇಬರು, "ಇಲ್ಲಿ ಯಾವ ಸಂದೇಶವೂ ಬಂದಿಲ್ಲ" ಎಂದರು. ಇನ್ನೂ ಕಾದೆವು. ಬದನೆಕಾಯಿಯ ಡ್ರೈವರ್ ಹಾರ್ನ್ ಹೊಡೆಯತೊಡಗಿದ. ನಾನು ಬಗ್ಗಿ ದೀಪಗಳನ್ನು ಒಂದೊಂದಾಗಿ ನೋಡಿದೆ.

ಆಗ ಕಂಡಿತು. ಸ್ವಿಚ್ಚು ಬೇಗ ಏಳುತ್ತದೆ, ಅದನ್ನು ಲೈನಿಗೆ ಜೋಡಿಸುವ ಪೆಟ್ಟಿಗೆ, ಮೋಡೆಮ್, ನಿಧಾನವಾಗಿ ಏಳುತ್ತದೆ. ‘ಎದ್ದೆ’ ಎಂಬ ಕೂಗು ಲೈನೇ ಇಲ್ಲದ ಹೊತ್ತಿನಲ್ಲಿ ಹೊರಟು ಎಲ್ಲೋ ಬಿದ್ದುಹೋಗಿತ್ತು. ಅದು ಒಂದೇ ಸಲ ಕೂಗುತ್ತದೆ, ಯಾರೂ ಕೇಳದಿದ್ದರೂ ಮತ್ತೆ ಕೂಗುವುದಿಲ್ಲ.

"ಸಾಹೇಬ್, ಕೈಯಿಂದ ಬರೆದ ದಾರಿ ಇದೆಯಲ್ಲ, ಸ್ವಿಚ್ಚು ಮಾತಿಗೆ ಸಿಗುತ್ತದೆ. ಪ್ರೋಗ್ರಾಮಿಗೆ ‘ಬರೆ’ ಅಂತ ನೀವೇ ಹೇಳಿ."

ಅವರು ಗುಂಡಿ ಒತ್ತಿದರು. ಪ್ರಿಂಟರ್ ಕಿರ್ರೆಂದಿತು. ಹಾರ್ನ್ ನಿಂತಿತು. ಟ್ರಕ್ ಹೋಯಿತು, ಆದರೆ ನಾನು ಗೆದ್ದಂತಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಗುಂಡಿ ಒತ್ತಲು ಯಾರು ಕೂತಿರುತ್ತಾರೆ?

ಮರಳುವ ಲೋಕಲ್ಲಿನಲ್ಲಿ ಇದಕ್ಕೆ ಉತ್ತರ ಹೊಳೆಯಿತು. ಅದು ಕೂಗಲಿ ಎಂದು ನಾನೇಕೆ ಕಾಯಬೇಕು? ನಾನೇ ಕೇಳಬಹುದಲ್ಲ. ‘ಎದ್ದು ಎಷ್ಟು ಹೊತ್ತಾಯಿತು?’ ಎಂಬ ಪ್ರಶ್ನೆಗೆ ಎಲ್ಲ ಜಾತಿಯ ಸ್ವಿಚ್ಚೂ ಉತ್ತರಿಸುತ್ತದೆ, ಶಿಷ್ಟ ಪಟ್ಟಿಯ ಮೊದಲ ಪುಟದಲ್ಲೇ ಅದಿದೆ. ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳುತ್ತಿರುವುದು. ಹಿಂದಿನ ಸಲಕ್ಕಿಂತ ಕಡಿಮೆ ಹೇಳಿದರೆ ಅದು ನಡುವೆ ಮಲಗಿ ಎದ್ದಿದೆ ಎಂದರ್ಥ. ಬರೆದುಬಿಡುವುದು. ಬರೆದದ್ದನ್ನು ಓದಿ ತಾಳೆ ನೋಡುವುದು. ಇಷ್ಟೇ. ಇಷ್ಟು ಸಣ್ಣದಕ್ಕೆ ಇಷ್ಟು ದಿನ ಬೇಕಾಯಿತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಮರುದಿನ ಕಾಕಾ ಮತ್ತೆ ಯುಪಿಎಸ್ ಆರಿಸಿ ಹಚ್ಚಿದರು. ಈ ಸಲ ಯಾರೂ ಗುಂಡಿ ಒತ್ತಲಿಲ್ಲ. ಪ್ರಿಂಟರ್ ತಾನೇ ಕಿರ್ರೆಂದಿತು.

ಲೈನ್ ಬದಲಿಸುವ ಕೆಲಸ ಭಾನುವಾರ ಆಯಿತು. ದೂರದ್ದು ಮೊದಲು, ಹತ್ತಿರದ್ದು ಆಮೇಲೆ: ಲೋಣಾವಳಾ, ನಂತರ ದೇಹೂ ರೋಡ್, ಕೊನೆಗೆ ಮಾರ್ಕೆಟ್ ಯಾರ್ಡ್. ಹತ್ತಿರದ್ದನ್ನು ಮೊದಲು ತಿರುಗಿಸಿದರೆ ಕೂತ ಕೊಂಬೆಯನ್ನೇ ಕಡಿದುಕೊಂಡಂತೆ. ಸಂಜೆಯ ಹೊತ್ತಿಗೆ ಹಳೆಯ ಲೈನುಗಳು ಖಾಲಿಯಾಗಿದ್ದವು. ನಾನು ಸಾಹೇಬರ ಮುಖ ನೋಡಿದೆ.

"ಗುರುವಾರ ಕಳೀಲಿ. ಶುಕ್ರವಾರ ಬೆಳಿಗ್ಗೆ ಡಿಪೋದಿಂದ ಫೋನ್ ಬರದಿದ್ದರೆ ನೀನು ಕಾಯಂ" ಎಂದರು.

ಆ ಗುರುವಾರ ನಮ್ಮ ಚಾಳಿನಲ್ಲೂ ಕರೆಂಟಿರಲಿಲ್ಲ. ನಾನು ಕಚೇರಿಗೆ ಹೋಗಿ ಪ್ರೋಗ್ರಾಂ ಓಡುತ್ತಿದೆಯೇ ನೋಡಿದೆ, ಮನೆಗೆ ಬಂದೆ, ಮತ್ತೆ ಹೋಗಿ ನೋಡಿದೆ. ಎಲ್ಲ ಡಿಪೋಗಳೂ ನಿರುತ್ತರ. ಅವು ಮಲಗಿದ್ದವು, ಮಲಗಿರಬೇಕಾದದ್ದೇ. ತಿಳಿದಿದ್ದರೂ ಮತ್ತೊಮ್ಮೆ ಹೋಗಿ ನೋಡಿದೆ.

ಶುಕ್ರವಾರ ಬೆಳಿಗ್ಗೆ ಅವ್ವ ಬುಟ್ಟಿಯ ಸಿಂಬಿ ಸುತ್ತಿ ಕೆಲಸಕ್ಕೆ ಹೊರಡುತ್ತಿದ್ದಳು. ನಾನು ಡಬ್ಬಿ ಕಟ್ಟುತ್ತಿದ್ದೆ. ಕಂಪನಿ ಕೊಟ್ಟಿದ್ದ ಮೊಬೈಲ್ ಫೋನ್ ಬಡಿಯಿತು. ದೇಹೂ ರೋಡಿನ ನಂಬರು.

ಡಬ್ಬಿ ಬದಿಗಿಟ್ಟು ಎತ್ತಿದೆ. ಅವ್ವ ಹೊಸ್ತಿಲಲ್ಲೇ ನಿಂತಳು.

"ತಂಗಿ, ನಾನು ಕಾಕಾ."

"ಏನಾತ್ರಿ ಕಾಕಾ?"

"ಏನೂ ಆಗಿಲ್ಲವಾ."

"ಅಂದ್ರ?"

"ಅಂದ್ರ ಲೈಟ್ ಬಂತು, ಪಾಸ್ ಬಂತು, ಗಾಡಿ ಹ್ವಾದವು. ಇಷ್ಟು ವರ್ಷದಾಗ ಕಂಪ್ಯೂಟರ್ ಕೆಟ್ಟಾಗ ಅಷ್ಟs ಫೋನ್ ಮಾಡೇನಿ. ಒಮ್ಮೆರೆ ಚಲೋ ಸುದ್ದಿ ಹೇಳೂನಂತ ಹಚ್ಚಿದೆ."

ನನಗೆ ಬೈಯಬೇಕೋ ಅಳಬೇಕೋ ತಿಳಿಯಲಿಲ್ಲ. ಸಾಹೇಬರಿಗೆ ಫೋನ್ ಮಾಡಿದೆ.

"ಸಾಹೇಬ್, ದೇಹೂ ರೋಡಿನಿಂದ ಫೋನ್ ಬಂತು."

ಆ ಕಡೆ ಕಪ್ಪನ್ನು ಬಸಿಯ ಮೇಲಿಟ್ಟ ಸದ್ದು. "ಏನಂತೆ?"

"ಏನೂ ಆಗಿಲ್ಲವಂತೆ."

ಅವರು ಅಷ್ಟು ಜೋರಾಗಿ ನಕ್ಕದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ. "ಬೇಗ ಬಾ. ಫೈಲಿಗೆ ಸಹಿ ಹಾಕೋಕೆ ನನ್ನ ಪೆನ್ನು ಎಲ್ಲೋ ಹೋಗಿದೆ, ಹುಡುಕಿಕೊಡು."

ಅವ್ವ ಇನ್ನೂ ಹೊಸ್ತಿಲಲ್ಲೇ ಇದ್ದಳು. "ಏನಂದ್ರ?"

"ಸಿಂಬಿ ಬಿಚ್ಚವ್ವಾ."

ಅವಳು ಬಿಚ್ಚಲಿಲ್ಲ. ಅರ್ಧಕ್ಕೆ ಬಿಟ್ಟ ಗೋಡೆ ಇದೆ, ಶನಿವಾರ ಮುಗಿಯುತ್ತದೆ, ಆಮೇಲೆ ನೋಡೋಣ ಎಂದು ಹೊರಟೇಬಿಟ್ಟಳು. ನಾನು ಚೀಲ ತೆರೆದು ಕೇಬಲ್ಲನ್ನು ಹೊರಗೆ ತೆಗೆದೆ. ಗೂಟಕ್ಕೆ ತೂಗುಹಾಕಲು ಹೋದವಳು, ಮನಸ್ಸು ಬದಲಿಸಿ ಮತ್ತೆ ಚೀಲದೊಳಗೇ ಇಟ್ಟೆ, ಈ ಸಲ ಡಬ್ಬಿಯ ಕೆಳಗೆ.